ಎಂಬತ್ತೊಂದು ಮನೆಗಳ ಮೀನು ಬೇಟೆ

ಸುಲಭದ ಸುಡೋಕು ಬಿಡಿಸುವವರು ಧೈರ್ಯವಾಗಿ ಪೆನ್ನು ಹಿಡಿಯುತ್ತಾರೆ. ಕಠಿಣದ ಚಟ ಹತ್ತಿದವರದು ಪೆನ್ಸಿಲ್ಲು, ರಬ್ಬರಿನ ಸಂಸಾರ. ಖಾಲಿ ಮನೆಗಳ ಮೂಲೆಮೂಲೆಯಲ್ಲೂ ಅಭ್ಯರ್ಥಿಗಳ ಪಟ್ಟಿ ಬರೆದುಕೊಂಡು, ಆಮೇಲೆ ಒಬ್ಬೊಬ್ಬರಿಗೇ ಟಿಕೆಟ್ ತಪ್ಪಿಸುತ್ತಾ ಹೋಗುತ್ತಾರೆ.

ತಪ್ಪಿಸುವುದಕ್ಕೂ ಶಾಸ್ತ್ರವಿದೆ. ಎರಡನೇ ಅಡ್ಡಸಾಲಿನಲ್ಲಿ 5ಕ್ಕೆ ಎರಡೇ ಮನೆ ಉಳಿದಿವೆ ಎನ್ನಿ. ಏಳನೆಯದರಲ್ಲೂ ಎರಡೇ, ಅವೂ ಅದೇ ಎರಡು ಕಂಬಸಾಲುಗಳಲ್ಲಿ. 5 ಈ ಕರ್ಣದಲ್ಲಿ ಕೂತರೂ ಆ ಕರ್ಣದಲ್ಲಿ ಕೂತರೂ ಎರಡೂ ಕಂಬಗಳ ಕೋಟಾ ಮುಗಿಯಿತು. ಅಲ್ಲಿನ ಉಳಿದ 5ಗಳನ್ನೆಲ್ಲ ಅಳಿಸಬಹುದು. ಇದು ಎಕ್ಸ್-ವಿಂಗ್. ಮೂರು ಸಾಲಾದರೆ ಸ್ವೋರ್ಡ್‌ಫಿಶ್, ನಾಲ್ಕಾದರೆ ಜೆಲ್ಲಿಫಿಶ್. ಐದು ಸಾಲಿನ ಮೀನಿಗೆ ಯಾರೂ ಗಾಳ ಹಾಕುವುದಿಲ್ಲ. ಅದಿರುವ ಕಡೆ, ಅದೇ ಕೆಲಸ ಮಾಡುವ ಚಿಕ್ಕ ಮೀನೊಂದು ಇದ್ದೇ ಇರುತ್ತದೆ.

ಮೀನಿನಿಂದ ಜಗಳವಿಲ್ಲ. ಜಗಳವೆಲ್ಲ 'ಯುನೀಕ್ ರೆಕ್ಟ್ಯಾಂಗಲ್'ನದು. ಎರಡು ಅಡ್ಡಸಾಲು, ಎರಡು ಕಂಬಸಾಲು, ಎರಡು ಪೆಟ್ಟಿಗೆಗಳಲ್ಲಿ ಹರಡಿದ ನಾಲ್ಕು ಮನೆಗಳು. ಮೂರರಲ್ಲಿ 3 ಮತ್ತು 7 ಮಾತ್ರ. ನಾಲ್ಕನೆಯದರಲ್ಲಿ ಜೊತೆಗೊಂದು 5. ಅಲ್ಲಿಯೂ 3 ಅಥವಾ 7 ಬಂದರೆ ಅದಲುಬದಲು ಮಾಡಿ ಎರಡು ಉತ್ತರ ಬರೆಯಬಹುದು. ಉತ್ತರ ಒಂದೇ ಎಂದು ರಚಿಸಿದವರ ಮಾತಿದೆಯಲ್ಲ, ಹಾಗಾಗಿ ಅದು 5. ಮಡಿವಂತರು ಸಿಡಿಮಿಡಿಗೊಳ್ಳುತ್ತಾರೆ: ಇದು ತರ್ಕವಲ್ಲ, ರಚಿಸಿದವರ ನಾಲಗೆಯ ಮೇಲಿಟ್ಟ ಭರವಸೆ!

ಅವರ ಸಿಡುಕಿಗೂ ಕಾರಣವಿದೆ. 2005ರಲ್ಲಿ ಇಂಗ್ಲೆಂಡಿನ ಸ್ಕೈ ಒನ್ ಚಾನೆಲ್ಲು ಚಿಪ್ಪಿಂಗ್ ಸಾಡ್‌ಬರಿ ಬಳಿಯ ಗುಡ್ಡದ ಮೇಲೆ 275 ಅಡಿ ಅಗಲದ ಸುಡೋಕು ಕೊರೆಸಿತು. ಲೆಕ್ಕ ಹಾಕಿದರೆ ಅದಕ್ಕೆ 1,905 ಸರಿಯುತ್ತರಗಳು! ಗುಡ್ಡ ದೊಡ್ಡದಾಗಿತ್ತು, ಸುಳಿವು ಸಾಲಲಿಲ್ಲ.

ಉತ್ತರ ಒಂದೇ ಆಗಬೇಕಾದರೆ ಕನಿಷ್ಠ 17 ಅಂಕಿ ಕೊಟ್ಟಿರಬೇಕು, 16 ಸಾಲದು ಎಂದು ಡಬ್ಲಿನ್ನಿನ ಗ್ಯಾರಿ ಮೆಗ್ವಾಯರ್ ತಂಡ 2012ರಲ್ಲಿ ಕಂಪ್ಯೂಟರ್ ದುಡಿಸಿ ತೋರಿಸಿತು. ಹಾಗೆಂದು ಅಂಕಿ ಕಡಿಮೆಯಾದಷ್ಟೂ ಕಷ್ಟ ಎಂದುಕೊಂಡರೆ ಮೋಸ. 17ರ ಎಷ್ಟೋ ಸುಡೋಕುಗಳು ಕಾಫಿ ಆರುವುದರೊಳಗೆ ಮುಗಿಯುತ್ತವೆ. ಫಿನ್‌ಲೆಂಡಿನ ಗಣಿತಜ್ಞ ಆರ್ಟೊ ಇಂಕಾಲಾ 2012ರಲ್ಲಿ ರಚಿಸಿ, ಜಗತ್ತಿನಲ್ಲೇ ಕಠಿಣ ಎಂದು ಪ್ರಚಾರ ಪಡೆದದ್ದರಲ್ಲಿ 21 ಅಂಕಿಗಳಿವೆ. ಅದರ ಮುಂದೆ ಮೀನುಬಲೆಗಳೆಲ್ಲ ಹರಿಯುತ್ತವೆ.

ಅಲ್ಲಿ ಉಳಿಯುವುದು ಒಂದೇ ದಾರಿ: ಇಲ್ಲಿ 4 ಇದೆ ಎಂದಿಟ್ಟುಕೊಂಡು ಹೊರಟು, ಎಲ್ಲಿ ಎಡವುತ್ತದೆ ಎಂದು ಕೊನೆಯವರೆಗೂ ಬೆನ್ನು ಹತ್ತುವುದು. ಇದನ್ನೇ ಶಾಲೆಯ ಹುಡುಗ ಮಾಡಿದರೆ ಊಹೆ. ಪಂಡಿತರು ಮಾಡಿದರೆ 'ಫೋರ್ಸಿಂಗ್ ಚೈನ್'. ವ್ಯತ್ಯಾಸವೇನು ಎಂಬ ವಾದ ಪಂಡಿತರಲ್ಲಿ ಇನ್ನೂ ಬಗೆಹರಿದಿಲ್ಲ. 2017ರಲ್ಲಿ ಬೆಂಗಳೂರಿನಲ್ಲೇ ನಡೆದ ವಿಶ್ವ ಸುಡೋಕು ಚಾಂಪಿಯನ್‌ಷಿಪ್‌ನಂಥ ಸ್ಪರ್ಧೆಗಳಲ್ಲಿ ಮಾತ್ರ ಈ ತಾಪತ್ರಯವಿಲ್ಲ. ಅಂಕ ಹಾಕುವವರು ನೋಡುವುದು ತುಂಬಿದ ಚೌಕವನ್ನು. ಜೆಲ್ಲಿಫಿಶ್ ಹಿಡಿದು ಬಂದಿರೋ, ಕಣ್ಣುಮುಚ್ಚಿ 4 ಗೀಚಿ ಬಂದಿರೋ ಯಾರೂ ಕೇಳುವುದಿಲ್ಲ.