ಗ್ರಹಣಕಾಲದ ಉಪ್ಪಿಟ್ಟು: ಆಸ್ತಿಕ–ನಾಸ್ತಿಕ ಸಹನೆಯ ಕುರಿತು ಒಂದು ಲಘುಭಾಷ್ಯ

ದೇವರನ್ನು ನಂಬುವವರೂ ನಂಬದವರೂ ಒಬ್ಬರನ್ನೊಬ್ಬರು ನಿಜವಾಗಿ ಸಹಿಸಿಕೊಳ್ಳಬಲ್ಲರೇ ಎಂಬ ಪ್ರಶ್ನೆಯನ್ನು ಇದುವರೆಗೆ ವಿಚಾರಸಂಕಿರಣಗಳಲ್ಲಿ ಮಾತ್ರ ಪರಿಶೀಲಿಸಲಾಗಿದೆ. ಅಲ್ಲಿ ಹನ್ನೊಂದೂವರೆಗೆ ಚಹಾ, ಒಂದೂವರೆಗೆ ಊಟ ಇರುವುದರಿಂದ ಎಲ್ಲರೂ ಎಲ್ಲರನ್ನೂ ಸಹಿಸುತ್ತಾರೆ. ಆದಕಾರಣ ಆ ದತ್ತಾಂಶವನ್ನು ಈ ಭಾಷ್ಯಕಾರ ತಿರಸ್ಕರಿಸಿದ್ದಾನೆ. ಸಹನೆ ಉಂಟೋ ಇಲ್ಲವೋ ತಿಳಿಯಬೇಕಾದರೆ ಎರಡು ಪಕ್ಷಕ್ಕೂ ಒಂದೇ ಅಡುಗೆಮನೆ ಇರಬೇಕು, ಅಂದು ಗ್ರಹಣವಾಗಿರಬೇಕು.

ಈ ಯೋಗ ಕೂಡಿಬಂದದ್ದು 2025ರ ಸೆಪ್ಟೆಂಬರ್ 7ರ ಭಾನುವಾರ, ಬಸವನಗುಡಿಯ ಒಂದು ಮನೆಯಲ್ಲಿ. ಖಗ್ರಾಸ ಚಂದ್ರಗ್ರಹಣ, ಸ್ಪರ್ಶ ರಾತ್ರಿ 9.57, ಮೋಕ್ಷ 1.26. ಪೂರ್ವಪಕ್ಷದಲ್ಲಿ ಅತ್ತೆ. ಉತ್ತರಪಕ್ಷದಲ್ಲಿ ಅಳಿಯ, ವೃತ್ತಿಯಿಂದ ಎಂಜಿನಿಯರ್, ಪ್ರವೃತ್ತಿಯಿಂದ ನಾಸ್ತಿಕ. ಇವರ ಮಗಳು, ಅವನ ಹೆಂಡತಿ, ಎರಡೂ ಪಕ್ಷದ ಪಾತ್ರೆ ತೊಳೆಯುವವಳಾದ್ದರಿಂದ ಅವಳ ಅಭಿಪ್ರಾಯವನ್ನು ಸಂಪ್ರದಾಯದಂತೆ ಯಾರೂ ಕೇಳಲಿಲ್ಲ. ಭಾಷ್ಯಕಾರನು ಆ ಮನೆಯಲ್ಲಿ ಎರಡೂ ಪಕ್ಷದ ಉಪ್ಪು ಉಂಡವನು, ಅಂದ ಮೇಲೆ ನಿಷ್ಪಕ್ಷಪಾತಿ.

ಮೊದಲು ಲಕ್ಷಣವಿಚಾರ. 'ಬೇರೆಯವರ ನಂಬಿಕೆಯನ್ನು ಗೌರವಿಸುವುದೇ ಸಹನೆ' ಎನ್ನುವುದು ಭಾಷಣಕಾರರ ಮತ. ಇದಕ್ಕೆ ಅಸಂಭವದೋಷ. ಚಂದ್ರನ ಮೇಲೆ ಭೂಮಿಯ ನೆರಳು ಬಿದ್ದದ್ದಕ್ಕೆ ಉಪ್ಪಿನಕಾಯಿ ಕೆಡುತ್ತದೆ ಎಂಬುದನ್ನು ಅಳಿಯ ಯಾವ ಜನ್ಮದಲ್ಲಿ ಗೌರವಿಸಿಯಾನು? ಹಿಂದಿನ ಜನ್ಮದಲ್ಲಿ ಎಂದರೆ ಅದನ್ನೂ ಒಪ್ಪುವವನಲ್ಲ. 'ಸುಮ್ಮನಿರುವುದೇ ಸಹನೆ' ಎನ್ನುವುದು ಎರಡನೆಯ ಮತ. ಇದಕ್ಕೆ ಅವ್ಯಾಪ್ತಿದೋಷ, ಅತ್ತೆಗೆ ಅನ್ವಯವಾಗುವುದಿಲ್ಲ. 'ಯಾರು ಏನು ಮಾಡಿಕೊಂಡರೂ ಅವರವರ ಇಷ್ಟ' ಎನ್ನುವುದು ಮೂರನೆಯದು. ಅದರ ಅತಿವ್ಯಾಪ್ತಿಯನ್ನು ಮುಂದೆ ನೋಡೋಣ.

ಈಗ ಇತಿಹಾಸ. ಗ್ರಹಣ ನೆರಳಿನ ಆಟ ಎಂದು ಆರ್ಯಭಟ 499ರ ಹೊತ್ತಿಗೇ ಬರೆದಿಟ್ಟ. 628ರಲ್ಲಿ ಬ್ರಹ್ಮಗುಪ್ತ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ರಾಹುವನ್ನು ಕೈಬಿಟ್ಟವರನ್ನೆಲ್ಲ ಚೆನ್ನಾಗಿ ಬೈದು, ಆಮೇಲೆ ನೆರಳಿನ ಲೆಕ್ಕದಿಂದಲೇ ಗ್ರಹಣವನ್ನು ಗಣಿಸಿದ. ಹನ್ನೊಂದನೆಯ ಶತಮಾನದಲ್ಲಿ ಇದನ್ನೋದಿದ ಅಲ್ ಬಿರೂನಿ, ಪಾಪ, ಸಾಕ್ರಟೀಸನಿಗಾದ ಗತಿಯೇ ತನಗೂ ಆದೀತೆಂದು ಈತ ಹೆದರಿರಬೇಕು ಎಂದು ಊಹಿಸಿದ. ದೊಡ್ಡ ವಿದ್ವಾಂಸನ ಮಾತನ್ನು ಅಲ್ಲಗಳೆಯಲು ಸಂಕೋಚವಾಗುತ್ತದೆ. ಆದರೂ ಭಾಷ್ಯಕಾರನ ಸ್ವತಂತ್ರ ಊಹೆಯೆಂದರೆ ಬ್ರಹ್ಮಗುಪ್ತನ ಅತ್ತೆ ಅವನ ಮನೆಯಲ್ಲೇ ಇದ್ದರು. ನಮ್ಮ ಪಂಚಾಂಗಗಳು ಇಂದಿಗೂ ಈತನ ಪರಂಪರೆಯವೇ. ನಿಮಿಷ ತಪ್ಪದ ಸ್ಪರ್ಶಕಾಲ ಬರುವುದು ಜ್ಯಾಮಿತಿಯಿಂದ, ಅದರ ಕೆಳಗಿನ ಸಾಲಿನಲ್ಲಿ ಯಾವ ರಾಶಿಯವರು ಏನು ದಾನ ಕೊಡಬೇಕೆಂಬುದು ರಾಹುವಿನಿಂದ. ಒಂದೇ ಪುಟದಲ್ಲಿ ಇಬ್ಬರೂ ಜಗಳವಿಲ್ಲದೆ ಇದ್ದಾರೆ. ಅಳಿಯನೂ ಎಷ್ಟು ಗಂಟೆಗೆ ಉಪ್ಪಿಟ್ಟು ತಿಂದರೆ ಶಾಸ್ತ್ರೋಲ್ಲಂಘನೆಯಾಗುತ್ತದೆ ಎಂದು ತಿಳಿಯಲು ಅಂದು ಬೆಳಿಗ್ಗೆ ಅತ್ತೆಯ ಪಂಚಾಂಗವನ್ನೇ ನೋಡಿದ.

ನಾಸ್ತಿಕರಿಗೂ ಗ್ರಹಣದ ಒಂದು ವಿಧಿಯುಂಟು. ಬೆಂಗಳೂರಿನಲ್ಲಿ ಅದಕ್ಕೆ ಕ್ಷೇತ್ರ ಪುರಭವನದ ಮೆಟ್ಟಿಲು, ಕಾಲ ಸ್ಪರ್ಶದಿಂದ ಮೋಕ್ಷದೊಳಗೆ. ಮನೆಯಲ್ಲಿ ತಿಂದರೆ ಫಲವಿಲ್ಲ, ನಾಲ್ಕು ಜನ ನೋಡುವಂತೆ ತಿನ್ನಬೇಕು. 2022ರ ನವೆಂಬರಿನ ಗ್ರಹಣದಂದು ಭುವನೇಶ್ವರದ ವಿಚಾರವಾದಿಗಳು ಇದೇ ವಿಧಿಯನ್ನು ಬಿರಿಯಾನಿಯಿಂದ ನೆರವೇರಿಸಹೋಗಿ, ಅದು ಹೊಡೆದಾಟದಲ್ಲಿ ಮುಗಿಯಿತು. ನಾಡಿನ ಶಾಂತಿಯ ದೃಷ್ಟಿಯಿಂದ ಉಪ್ಪಿಟ್ಟೇ ಕ್ಷೇಮವೆಂದು ಇದರಿಂದ ಸಿದ್ಧವಾಗುತ್ತದೆ; ಅದಕ್ಕಾಗಿ ಹೊಡೆದಾಡುವಷ್ಟು ಅದನ್ನು ಪ್ರೀತಿಸಿದವರು ಇನ್ನೂ ಹುಟ್ಟಿಲ್ಲ.

ಬಸವನಗುಡಿಯ ನಾಸ್ತಿಕರಲ್ಲಿ ಹಗುರವಾಗಿ ಮಾತಾಡಲಾಗದ ಒಬ್ಬರಿದ್ದರು, ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸುವ ಸಮಿತಿ ಮಾಡಿ ಪುಟ್ಟಪರ್ತಿಯ ಸಾಯಿಬಾಬಾ ಅವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. (ಸಂವಿಧಾನದ ಪ್ರಸ್ತಾವನೆಗೆ 'ಸೆಕ್ಯುಲರ್' ಪದವೂ, ಪ್ರಜೆಗಳ ಕರ್ತವ್ಯಗಳಲ್ಲಿ ವೈಜ್ಞಾನಿಕ ಮನೋಭಾವವೂ ಸೇರಿದ್ದು ಅದೇ ವರ್ಷದ ತಿದ್ದುಪಡಿಯಿಂದ. ಆಗ ತುರ್ತುಪರಿಸ್ಥಿತಿ; ಪ್ರಶ್ನೆ ಕೇಳುವ ಮನೋಭಾವವನ್ನು ಯಾರೂ ಪ್ರಶ್ನೆ ಕೇಳದ ಹಾಗೆ ಜಾರಿ ಮಾಡಲಾಯಿತು.) ಗಾಂಧಿ ಟೋಪಿ, ಖಾದಿ, ಬ್ರಹ್ಮಚರ್ಯ, ನ್ಯಾಷನಲ್ ಕಾಲೇಜಿನ ಹಾಸ್ಟೆಲಿನಲ್ಲೊಂದು ಕೋಣೆ. ನಮ್ಮ ಅತ್ತೆ ಅವರನ್ನು ಕಂಡವರು. "ದೇವರನ್ನ ನಂಬ್ತಿರಲಿಲ್ಲ ನಿಜ. ಆದ್ರೆ ಸನ್ಯಾಸಿ ಅಂದ್ರೆ ಅವರೇ" ಎನ್ನುತ್ತಾರೆ. ಆಸ್ತಿಕರು ನಾಸ್ತಿಕನನ್ನು ಸಹಿಸುವುದು ಅವನನ್ನು ಗುಟ್ಟಾಗಿ ತಮ್ಮವನನ್ನಾಗಿ ಮಾಡಿಕೊಂಡು.

ಇನ್ನು ಪ್ರಯೋಗ. ಚಂದ್ರಗ್ರಹಣಕ್ಕೆ ಮೂರು ಯಾಮ, ಅಂದರೆ 9 ಗಂಟೆ ಮುಂಚಿನಿಂದ ವೇಧೆ. ಆದ್ದರಿಂದ ಮಧ್ಯಾಹ್ನ 12.57ರೊಳಗೆ ಊಟ ಮುಗಿಯಬೇಕು. ಬಾಲರು, ವೃದ್ಧರು, ರೋಗಿಗಳಿಗೆ ಶಾಸ್ತ್ರವೇ ರಿಯಾಯಿತಿ ಕೊಟ್ಟಿದೆ. ಎಪ್ಪತ್ತು ದಾಟಿದ ಅತ್ತೆ ವೃದ್ಧರ ಪಟ್ಟಿಗೆ ಸೇರಲು ಒಪ್ಪದೆ ಉಪವಾಸ ಕೂತರು. ಸಂಜೆಗೆ ಮುಂಚೆಯೇ ಹಾಲು, ಮೊಸರು, ತುಪ್ಪ, ಉಪ್ಪಿನಕಾಯಿ ಜಾಡಿ ಎಲ್ಲಕ್ಕೂ ದರ್ಭೆ ಬಿತ್ತು. ನೀರಿನ ಫಿಲ್ಟರಿಗೂ ಒಂದು ಎಳೆ ಸಿಕ್ಕಿಸಿದರು. ಹಜಾರದಲ್ಲಿ ಹಿತ್ತಾಳೆ ತಟ್ಟೆಗೆ ನೀರು ಹಾಕಿ ಒನಕೆ ನಿಲ್ಲಿಸಿದರು. ಕೈಬಿಟ್ಟರು. ಅದು ನಿಂತಿತು.

ಅಳಿಯ ಹತ್ತಕ್ಕೆ ಸರಿಯಾಗಿ ಒಲೆ ಹಚ್ಚಿದ. ಹೆಂಡತಿ ಮಾಡಿಕೊಡಲು ಒಪ್ಪಿರಲಿಲ್ಲ. ಕ್ರಾಂತಿಗೆ ಬೇಕಾದ ಈರುಳ್ಳಿಯನ್ನು ಕ್ರಾಂತಿಕಾರನೇ ಹೆಚ್ಚಿಕೊಳ್ಳಲಿ ಎಂಬುದು ಅವಳ ನಿಲುವು. ದೇವರಮನೆಯಲ್ಲಿ ಅತ್ತೆ ಜಪಕ್ಕೆ ಕೂತಿದ್ದರು. ಗ್ರಹಣದ ಜಪಕ್ಕೆ ಫಲ ಹೆಚ್ಚು, ನಡುವೆ ಮಾತಾಡಬಾರದು. ಬಾಣಲೆಯಲ್ಲಿ ಎಣ್ಣೆ ಕಾದು, ಸಾಸಿವೆ ಬಿದ್ದು, ಕಮಟು ವಾಸನೆ ಹಜಾರ ದಾಟಿ ಜಪಮಣಿಯವರೆಗೂ ಹೋಯಿತು. ಮಣಿ ನಿಂತಿತು.

"ಉರಿ ಸಣ್ಣ ಮಾಡ್ಕೊಳ್ಳಿ. ರವೆ ಹುರಿದಿಟ್ಕೊಂಡಿದೀರೋ ಇಲ್ವೋ?"

"ಇಲ್ಲ ಅತ್ತೆ."

"ಮತ್ತೆ ಹಾಗೇ ನೀರಿಗೆ ಸುರಿದ್ರೆ ಅಂಟಾಗತ್ತೆ. ಒಗ್ಗರಣೆಯಲ್ಲೇ ಹುರ್ಕೊಳ್ಳಿ. ಒಂದಕ್ಕೆ ಎರಡೂವರೆ ನೀರು."

ಮಣಿ ಮತ್ತೆ ತಿರುಗತೊಡಗಿತು. ಕೋಟಿಫಲದ ಜಪವನ್ನು ನಾಸ್ತಿಕನ ಉಪ್ಪಿಟ್ಟಿಗಾಗಿ ಮುರಿದದ್ದಕ್ಕೆ ಪ್ರಾಯಶ್ಚಿತ್ತವೇನು ಎಂಬುದು ಯಾವ ನಿಬಂಧಗ್ರಂಥದಲ್ಲೂ ಭಾಷ್ಯಕಾರನ ಕಣ್ಣಿಗೆ ಬಿದ್ದಿಲ್ಲ. ಆದರೆ ಲಕ್ಷಣ ಅಲ್ಲಿ ಸಿಕ್ಕಿತು: ತನ್ನ ನಿಯಮವನ್ನು ಎದುರಿನವರಿಗಾಗಿ ತುಸು ಮುರಿದು, ಮುರಿದೇ ಇಲ್ಲವೆಂಬಂತೆ ಮುಂದುವರಿಯುವುದು ಸಹನೆ. ಇದಕ್ಕೆ ತತ್ತ್ವಜ್ಞಾನ ಬೇಕಿಲ್ಲ, ಎದುರಿನವನು ಅಂಟು ಉಪ್ಪಿಟ್ಟು ತಿನ್ನಬಾರದೆಂಬ ಕಾಳಜಿ ಸಾಕು.

ಮೂರನೆಯ ಮತದ ಅತಿವ್ಯಾಪ್ತಿಯ ಮಾತು ಬಾಕಿಯಿದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು, ಗುಣವಾಗುತ್ತದೆಂದು, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಹೂತವರು ಹೆತ್ತವರೇ, ಪ್ರೀತಿಯಿಂದಲೇ. ಇಲ್ಲಿ ಭಾಷ್ಯಕಾರನ ಪರಿಭಾಷೆ ಕೈಕೊಡುತ್ತದೆ. ಅತ್ತೆಯ ಉಪವಾಸ ಅತ್ತೆಯ ಹೊಟ್ಟೆಯದು, ಗುಂಡಿಯಲ್ಲಿರುವ ಮಗುವನ್ನು ಯಾರೂ ಕೇಳಿರಲಿಲ್ಲ. 'ಅವರವರ ಇಷ್ಟ' ಎಂದು ದೂರ ನಿಂತವನನ್ನು ಸಹನಶೀಲ ಎನ್ನಲಾಗದು. ಅಮಾನವೀಯ ಆಚರಣೆಗಳ ವಿರುದ್ಧ ರಾಜ್ಯ 2017ರಲ್ಲಿ ಕಾಯ್ದೆ ಮಾಡಿತ್ತು, ಅದು ಜಾರಿಗೆ ಬಂದದ್ದು ಆ ಗ್ರಹಣ ಬಿಟ್ಟ ಮೇಲೆ, 2020ರ ಜನವರಿಯಲ್ಲಿ. ಜ್ಯೋತಿಷ್ಯ, ವಾಸ್ತು ಸಲಹೆಗಳನ್ನು ಅದರಿಂದ ಹೊರಗಿಟ್ಟರು. ಶಾಸಕರಿಗೂ ಮನೆ ಕಟ್ಟುವುದಿರುತ್ತದಲ್ಲ.

ಮರುದಿನದ ವಾದಕ್ಕೆ ಬರೋಣ. ಗ್ರಹಣ ಬಿಟ್ಟರೆ ಒನಕೆ ತಾನೇ ಬೀಳುತ್ತದೆ ಎಂಬುದು ಅತ್ತೆಯ ಪಕ್ಷ. ಬುಡ ಸಮವಾಗಿದ್ದು ಗುರುತ್ವಕೇಂದ್ರ ಅದರ ಮೇಲೇ ಇದ್ದರೆ ಯಾವ ದಿನವೂ ನಿಲ್ಲುತ್ತದೆ ಎಂಬುದು ಅಳಿಯನದು. ಸೋಮವಾರ ಬೆಳಿಗ್ಗೆ ಅದೇ ತಟ್ಟೆಯಲ್ಲಿ ನಿಲ್ಲಿಸಿ ತೋರಿಸಿದ. ಅತ್ತೆ ಕನ್ನಡಕ ಹಾಕಿಕೊಂಡು ಸುತ್ತ ನೋಡಿದರು. "ಗ್ರಹಣದ ಬಲ ಇನ್ನೂ ಇಳಿದಿಲ್ಲ" ಎಂದರು. ಸುಳ್ಳೆಂದು ತೋರಿಸಲು ದಾರಿಯೇ ಇಲ್ಲದ ವಾದ ವಿಜ್ಞಾನವಲ್ಲ ಎಂದ ಕಾರ್ಲ್ ಪಾಪರ್ ಇದ್ದಿದ್ದರೆ ಅಲ್ಲೇ ಕಾಫಿ ಬಿಟ್ಟು ಎದ್ದು ಹೋಗುತ್ತಿದ್ದ.

ಆದರೆ ಪಾಪರನಿಗೆ ಉತ್ತರಪಕ್ಷದಿಂದಲೂ ಸುಖವಿರಲಿಲ್ಲ. ರಾತ್ರಿ ಒಂದಕ್ಕೆ ಗೀಸರ್ ಹಾಕಿಟ್ಟವನು ಅಳಿಯನೇ. ಮೋಕ್ಷಸ್ನಾನಕ್ಕೆ ಅತ್ತೆ ತಣ್ಣೀರು ಸುರಿದುಕೊಂಡು ನೆಗಡಿ ಹಿಡಿಸಿಕೊಂಡಾರೆಂದು ಹಾಕಿದ್ದು. ಕೇಳಿದರೆ ಕೈತಪ್ಪಿ ಸ್ವಿಚ್ ಒತ್ತಿದೆ ಎಂದ. ಸ್ನಾನ ಮುಗಿಸಿ ಅಡುಗೆಮನೆಗೆ ಹೋದ ಅತ್ತೆ ಬಾಣಲೆಯಲ್ಲಿ ಉಳಿದ ಉಪ್ಪಿಟ್ಟಿಗೆ ಮುಚ್ಚಳ ಮುಚ್ಚಿ, ಅದರ ಮೇಲೆ ಒಂದು ಎಳೆ ದರ್ಭೆ ಇಟ್ಟರು. ಗ್ರಹಣ ಮುಗಿದ ಮೇಲೆ ದರ್ಭೆ ಇಡುವುದಕ್ಕೆ ಯಾವ ಶಾಸ್ತ್ರಾಧಾರವೂ ಇಲ್ಲ. ಬೆಳಿಗ್ಗೆ ಅಳಿಯ ದರ್ಭೆಯನ್ನು ಎಸೆಯದೆ ಎತ್ತಿ ಪಕ್ಕಕ್ಕಿಟ್ಟು, ಉಪ್ಪಿಟ್ಟನ್ನು ಬಿಸಿ ಮಾಡಿಕೊಂಡು ತಿಂದ.

ಹತ್ತು ಗಂಟೆಗೆ ಹೊಟ್ಟೆ ನುಲಿಯಲು ಶುರುವಾಯಿತು. ದರ್ಭೆ ಇಟ್ಟದ್ದು ತಡವಾಯಿತು ಎಂದು ಅತ್ತೆ ನೊಂದುಕೊಂಡರು. ಗ್ರಹಣಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ, ರವೆ ಹಳೆಯದು ಎಂದು ಅಳಿಯ ಘೋಷಿಸಿದ. ಅತ್ತೆ ಕೊಟ್ಟ ಓಮದ ಕಷಾಯವನ್ನು ಇಬ್ಬರ ತಕರಾರೂ ಇಲ್ಲದೆ ಕುಡಿದದ್ದಾಯಿತು. ರವೆ ಶನಿವಾರ ತಂದದ್ದು, ಪ್ಯಾಕೆಟ್ ಮೇಲೆ ತಾರೀಖೂ ಇದೆ ಎಂದು ಹೆಂಡತಿ ತಂದು ತೋರಿಸಿದಳು. ಅಳಿಯ ಓದಿದ, ತಿರುಗಿಸಿ ಇನ್ನೊಮ್ಮೆ ಓದಿದ, ಹಾಗಾದರೆ ಕರಿಬೇವಿಗೆ ಏನೋ ಔಷಧ ಹೊಡೆದಿರಬೇಕು ಎಂದ.