ತಗದಾರೇನ್ರಿ?

ಘಟಪ್ರಭೆ ಶಿಸ್ತಿನ ಹೊಳೆ. ಹಿಡಕಲ್ ಡ್ಯಾಮಿನಿಂದ ಬಿಟ್ಟ ನೀರು ಗೋಕಾಕ ಫಾಲ್ಸಿನಲ್ಲಿ 52 ಮೀಟರ್ ಕೆಳಗೆ ಬಿದ್ದು ಮೂಡಲಗಿ ಕಡೆ ಹೋದರೆ ಹೋಯಿತು. ತಿರುಗಿ ಡ್ಯಾಂ ಹತ್ತಿದ್ದಿಲ್ಲ. ಸುದ್ದಿಗೆ ಈ ಶಿಸ್ತಿಲ್ಲ. ಸುದ್ದಿ ತಿರುಗುವ ಶಾಸ್ತ್ರದಲ್ಲಿ ಅರಭಾವಿ ಸೀಮೆಗೆ ನಾನೊಬ್ಬನೇ ಪರಿಣತನಾದ್ದರಿಂದ ವಿವರಿಸುವುದು ನನ್ನ ಪಾಲಿಗೆ ಬಂದಿದೆ.

ಮಳೆಗಾಲದ ಒಂದು ಸಂಜೆ ಹುಕ್ಕೇರಿಯ ಮಾವನವರಿಗೆ ವಾಟ್ಸಾಪಿನಲ್ಲಿ ಕೇಳಿದೆ: "ಮಾವಾರ, ಡ್ಯಾಂ ಗೇಟ್ ತಗದಾರೇನ್ರಿ?" ಅವರು ಅದನ್ನು ಗೋಕಾಕದ ಕಾಕಾನಿಗೆ ದಾಟಿಸಿದರು. ಕಾಕಾ ಅವಸರದಲ್ಲಿ 'ಏನ್ರಿ' ಕೈಬಿಟ್ಟು ಮೂಡಲಗಿಯ ಬೀಗರಿಗೆ ಕಳಿಸಿದ. ಬೀಗರು ಮೂರು ಕೆಂಪು ದೀಪ ಸೇರಿಸಿ ನನಗೆ. ನಾನು ಗಾಬರಿಬಿದ್ದು ಮಾವನವರಿಗೆ. 2019ರ ಆಗಸ್ಟ್‌ನಲ್ಲಿ ಗೋಕಾಕಕ್ಕೆ ಹೊಳೆ ಹೊಕ್ಕಿದ್ದನ್ನು ಕಂಡವರು ಇಂಥ ಸುದ್ದಿಗೆ ನಗುವುದಿಲ್ಲ, ಮುಂದೆ ಕಳಿಸುತ್ತಾರೆ. ಗಾಣದ ಎತ್ತು ಸುತ್ತಿದರೆ ಎಣ್ಣೆಯಾದರೂ ಬಂದೀತು.

ಡೇಟಾಬೇಸುಗಳಿಗೂ ಇದೇ ಜಡ್ಡು. ಎರಡು ಪೋಸ್ಟ್‌ಗ್ರೆಸ್ ಸರ್ವರುಗಳು ಒಂದಕ್ಕೊಂದು ಚಂದಾದಾರರಾದರೆ, ಇಲ್ಲಿ ಬರೆದ ಸಾಲು ಅಲ್ಲಿನ ಲಾಗ್ ಸೇರಿ, ಹೊಸ ಸುದ್ದಿಯ ವೇಷದಲ್ಲಿ ತವರಿಗೆ ಮರಳುತ್ತದೆ. ಸಾಲಿಗೆ ಪ್ರೈಮರಿ ಕೀ, ಅಂದರೆ ಬೇರಾವ ಸಾಲಿಗೂ ಇಲ್ಲದ ಗುರುತು, ಇದ್ದರೆ 'ಇದು ಆಗಲೇ ಇದೆ' ಎಂಬ ತಕರಾರೆದ್ದು ಗಾಡಿ ನಿಲ್ಲುತ್ತದೆ. ಇಲ್ಲದಿದ್ದರೆ ಸುತ್ತುತ್ತಲೇ ಇರುತ್ತದೆ. ನಮ್ಮ ಕಾಕಾನಿಗೆ ಪ್ರೈಮರಿ ಕೀ ಇಲ್ಲ.

ಮದ್ದು ಬಂದದ್ದು ಪೋಸ್ಟ್‌ಗ್ರೆಸ್‌ನ 2023ರ 16ನೇ ಆವೃತ್ತಿಯಲ್ಲಿ. ಚಂದಾ ಮಾಡುವಾಗ 'ಒರಿಜಿನ್' ಎದುರು 'ನನ್' ಎಂದು ಬರೆಯಬೇಕು. ಅಂದರೆ, ನಿಮ್ಮಲ್ಲೇ ಹುಟ್ಟಿದ್ದಾದರೆ ಹೇಳಿ, ಮಂದಿಯಿಂದ ಬಂದದ್ದು ಬೇಡ. ಏನೂ ಬರೆಯದಿದ್ದರೆ 'ಎನಿ' ಎಂದೇ ಲೆಕ್ಕ. ಇದು ಕಾಕಾನ ಪದ್ಧತಿ. ಚಂದಾ ಶುರುವಾಗುವಾಗ ಹಳೆಯದೆಲ್ಲ ಒಟ್ಟಿಗೆ ನಕಲಾಗುತ್ತದಲ್ಲ, ಅಲ್ಲಿ ಮಾತ್ರ ಈ ಜರಡಿ ನಡೆಯದು. ಪೋಸ್ಟ್‌ಗ್ರೆಸ್ ಒಂದು ಎಚ್ಚರಿಕೆ ಬರೆದು ಸುಮ್ಮನಾಗುತ್ತದೆ. ಹೊಸ ಬೀಗತನದಲ್ಲಿ ಹಿರಿಯರು ಮಾಡುವುದೂ ಅಷ್ಟೇ.

ವಾಟ್ಸಾಪ್ 2018ರಲ್ಲಿ 'ಫಾರ್ವರ್ಡೆಡ್' ಎಂಬ ಚೀಟಿ ಅಂಟಿಸಿತು. ಅದು ಸುದ್ದಿ ಕೈ ದಾಟಿದೆ ಎನ್ನುತ್ತದೆ, ಹೆತ್ತವರು ಯಾರೆಂದು ಬಾಯಿ ಬಿಡುವುದಿಲ್ಲ. ಕಾಕಾ ಕಾಪಿ ಮಾಡಿ ಪೇಸ್ಟ್ ಮಾಡುವವನಾದ್ದರಿಂದ ಚೀಟಿಯೂ ಉಳಿಯುವುದಿಲ್ಲ.

ಈ ಸಿದ್ಧಾಂತವನ್ನೆಲ್ಲ ಬರೆದು ಮೂವರಿಗೂ ಕಳಿಸಿದೆ. ಅದು ರಾತ್ರಿ ಹತ್ತರೊಳಗೆ ಎರಡು ಸಲ ನನಗೇ ಬಂತು, ಜೊತೆಗೆ ಗೇಟಿನ ಸುದ್ದಿಯೂ. ಹುಕ್ಕೇರಿ, ಗೋಕಾಕ, ಮೂಡಲಗಿ ಮೂರೂ ಕಡೆಯಿಂದ ಖಾತ್ರಿಯಾದ ಮೇಲೆ ತಡ ಮಾಡಲಿಲ್ಲ. ಎಮ್ಮೆಗಳನ್ನು ದಿನ್ನೆಗೆ ಹೊಡೆದೆ.

"ಯಾರ ಹೇಳಿದ್ರೀ ನಿಮಗ?" ಎಂದಳು ಮನೆಯಾಕೆ.

ಮೂವರ ಹೆಸರನ್ನೂ ಹೇಳಿದೆ.