ವಕೀಲರು ಹೊಡೆದ ಗೋಲು

ಹೈದರಾಬಾದಿನ ಬಾಲಾನಗರದ ಇರಾನಿ ಚಹಾದಂಗಡಿ. ಎಚ್‌ಎಎಲ್ ಕೆಲಸಕ್ಕೆ ಬೆಂಗಳೂರಿಂದ ಬಂದ ರಾಯರು, ಧಾರವಾಡದ ಪಾಟೀಲರು.

ಪಾಟೀಲ: ರಾಯರ, 2025ರ ಐ-ಲೀಗ್ ಫುಟ್‌ಬಾಲ್ ಕಪ್ ಯಾರಿಗ್ರೀ?

ರಾಯರು: ಏಪ್ರಿಲ್ 6, ಕೊನೇ ದಿನ. ಚರ್ಚಿಲ್ ಬ್ರದರ್ಸ್ 40 ಅಂಕ, ಇಂಟರ್ ಕಾಶಿ 39.

ಪಾಟೀಲ: ಅಂದ್ರ ಚರ್ಚಿಲ್‌ಗ. ಮುಗೀತು.

ರಾಯರು: ಎಲ್ಲಿ ಮುಗೀತು? ಕಪ್ ಕೊಟ್ಟಾಯ್ತು, ಫೋಟೊ ಹೊಡೆದಾಯ್ತು. ಜುಲೈ 18ಕ್ಕೆ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯ ಕಾಶಿಯವರ ಮೇಲ್ಮನವಿ ಕೇಳಿ, ಕಾಶಿಯೇ ಚಾಂಪಿಯನ್ ಅಂದುಬಿಡ್ತು.

ಪಾಟೀಲ: ಗೋಲ್ ಯಾರು ಹೊಡದ್ರು?

ರಾಯರು: ವಕೀಲರು.

ಪಾಟೀಲ: ಹಿಂದ ಹಂಗಿರ್ಲಿಲ್ಲ ಬಿಡ್ರೀ. 2015ರಾಗ ಕಂಠೀರವದಾಗ ಮೋಹನ್ ಬಾಗಾನ್‌ನ ಬೆಲ್ಲೊ ರಜಾಕ್ ಕಡೀ ಗಳಿಗ್ಯಾಗ ಗೋಲ್ ಹೊಡದು ಬೆಂಗಳೂರಿನ ಕಪ್ ಕಸ್ಕೊಂಡಿದ್ದ.

ರಾಯರು: (ಕಣ್ಣೊರೆಸಿಕೊಂಡು) ಪುಣ್ಯಾತ್ಮ! ಎದುರಿಗೇ ಬಂದು ಕಸ್ಕೊಂಡ.

ಪಾಟೀಲ: ಕಪ್ ಬೇಕಂದ್ರ ಇಲ್ಲಿನ ಶ್ರೀನಿಧಿ ಡೆಕ್ಕನ್‌ನವ್ರು ಒಳ್ಳೇ ಸ್ಟ್ರೈಕರ್ ಹುಡುಕ್ಲಿ.

ರಾಯರು: ಮೊದ್ಲು ಪಾಸ್‌ಪೋರ್ಟ್ ಇರೋ ವಕೀಲನ್ನ ಹುಡುಕ್ಲಿ ಪಾಟೀಲ್ರೇ!